‘ಗುರುತ್ವಕೇಂದ್ರ’ವೆಂಬ ಶಬ್ದದ ಗೊಂದಲ

ಶಾಸ್ತ್ರೀಯ ಪರಿಭಾಷೆಯ ವಿಷಯದಲ್ಲಿ ಕನ್ನಡದ ವಿದ್ಯಾವಂತರು ಎರಡು ಪಂಗಡವಾಗಿ ನಿಂತಿರುವರು. ಒಂದು ಪಂಗಡದವರಿಗೆ ಯಾವ ಶಬ್ದವಾದರೂ ಆದೀತು. ಶಬ್ದವೆಂಬುದು ಮೂಟೆಗೆ ಕಟ್ಟಿದ ಚೀಟಿ ಮಾತ್ರವೆಂದೂ, ಚೀಟಿಯ ಮೇಲೆ ಏನನ್ನು ಬರೆದರೂ ಒಳಗಿನ ಧಾನ್ಯವು ಕೆಡುವುದಿಲ್ಲವೆಂದೂ ಅವರು ಹೇಳುವರು. ಇನ್ನೊಂದು ಪಂಗಡದವರಿಗೆ ಸಂಸ್ಕೃತದಿಂದ ಕಟ್ಟಿದ ಸಮಾಸವೆಲ್ಲವೂ ಹುಟ್ಟಿನಿಂದಲೇ ಶಾಸ್ತ್ರಶುದ್ಧವು. ಈ ಎರಡು ನಂಬಿಗೆಗಳ ನಡುವೆ ಸಿಕ್ಕಿ ಅರ್ಥಗೆಟ್ಟ ಶಬ್ದಗಳು ಹಲವು ಇರುವುವು. ಅವುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಕೆಟ್ಟದ್ದು ‘ಗುರುತ್ವಕೇಂದ್ರ’.

ಈ ಶಬ್ದವನ್ನು ಓದಿದ ಹುಡುಗನಿಗೆ ಏನು ತಿಳಿಯುವುದೆಂಬುದನ್ನು ವಿಚಾರಿಸಿ ನೋಡಬೇಕು. ‘ಗುರುತ್ವ’ವೆಂದರೆ ಸೆಳೆತವೆಂದು ಅವನು ಹಿಂದಿನ ಪಾಠದಲ್ಲಿ ಕಲಿತಿರುವನು. ‘ಕೇಂದ್ರ’ವೆಂದರೆ ನಟ್ಟನಡುವೆಂದು ವೃತ್ತದ ಪಾಠದಲ್ಲಿ ಕಲಿತಿರುವನು. ಎರಡನ್ನೂ ಕೂಡಿಸಿದರೆ, ಸೆಳೆತವು ಹುಟ್ಟುವ ನಟ್ಟನಡುವಿನ ಜಾಗ ಎಂಬ ಅರ್ಥವು ಅವನ ತಲೆಯಲ್ಲಿ ಕೂಡುವುದು. ಇದರಲ್ಲಿ ಎರಡು ಮಾತೂ ತಪ್ಪು. ಹುಡುಗನದೇನೂ ಅಪರಾಧವಿಲ್ಲ, ಶಬ್ದವು ಹೇಳಿಕೊಟ್ಟಂತೆ ಅವನು ತಿಳಿದುಕೊಂಡನು. ದೊಡ್ಡವರ ಬರಹದಲ್ಲಿಯೂ ಇದೇ ಸ್ಥಿತಿ. ರಾಜಕಾರಣದ ಗುರುತ್ವಕೇಂದ್ರವು ಇಂಥ ಪಟ್ಟಣದಿಂದ ಇಂಥ ಪಟ್ಟಣಕ್ಕೆ ಸರಿಯಿತೆಂದು ಪತ್ರಿಕೆಗಳು ಬರೆಯುವಾಗ, ಎಲ್ಲರನ್ನೂ ತನ್ನತ್ತ ಎಳೆದುಕೊಳ್ಳುವ ಅಧಿಕಾರಪೀಠವೆಂಬುದೇ ಅವುಗಳ ಅಭಿಪ್ರಾಯ. ಭಾರವು ಎರಡೂ ಕಡೆಗೆ ಸರಿತೂಗುವ ಜಾಗವೆಂಬ ಮೂಲಾರ್ಥದ ಸುಳಿವೂ ಅಲ್ಲಿ ಇರುವುದಿಲ್ಲ.

ಆ ಮೂಲಾರ್ಥವಾದರೋ ಈ ನಾಡಿಗೆ ಹೊಸದಲ್ಲ. ಇಂಡಿ ತಾಲೂಕಿನ ಹೊರ್ತಿಯ ಸೀಮೆಯಲ್ಲಿ ಚಕ್ಕಡಿ ಹೇರಿ ಬಲ್ಲ ಯಾವ ಮುದುಕನನ್ನಾದರೂ ಕೇಳಿದರೆ ಅದನ್ನು ಎರಡು ಮಾತಿನಲ್ಲಿ ಹೇಳುವನು. ಎರಡು ಗಾಲಿಯ ಬಂಡಿಯು ಅಚ್ಚಿನ ಮೇಲೆ ಕೂತ ತಕ್ಕಡಿಯಂತೆ. ಹೇರು ಅಚ್ಚಿಗಿಂತ ಮುಂದೆ ಬಿದ್ದರೆ ‘ಮುಂಭಾರ’. ನೊಗವು ಎತ್ತುಗಳ ಹೆಗಲನ್ನು ಒತ್ತಿ ಹುಣ್ಣು ಮಾಡುವುದು. ಹಿಂದೆ ಬಿದ್ದರೆ ‘ಹಿಂಭಾರ’. ನೊಗವು ಮೇಲಕ್ಕೆದ್ದು ಕೊರಳ ಹಗ್ಗವು ಎತ್ತುಗಳ ಗಂಟಲನ್ನು ಬಿಗಿಯುವುದು. ಆದುದರಿಂದ ತಿಳಿದವನು ಅಚ್ಚಿಗಿಂತ ತುಸುವೇ ಮುಂದಾಗಿ ಹೇರುವನು. ಇಷ್ಟೇ ಅಲ್ಲ. ಏರು ಬಂದಾಗ ಅದೇ ಹೇರು ತಾನಾಗಿ ಹಿಂಭಾರವಾಗುವುದೆಂದೂ, ಇಳುಕಲಿನಲ್ಲಿ ಮುಂಭಾರವಾಗುವುದೆಂದೂ ಅವನು ಬಲ್ಲನು. ಏಕೆಂದರೆ ಹೇರಿನ ಭಾರವು ನೆಲೆಗೊಂಡ ಜಾಗವು ಅಚ್ಚಿನ ಮಟ್ಟದಲ್ಲಿರದೆ ಅದಕ್ಕಿಂತ ಮೇಲಿರುವುದು. ಬಂಡಿಯು ಹಿಂದಕ್ಕೆ ವಾಲಿದೊಡನೆ ಆ ಜಾಗದಿಂದ ಇಳಿಬಿಟ್ಟ ತೂಗುಗುಂಡಿನ ಗೆರೆಯು ಅಚ್ಚಿನ ಹಿಂಬದಿಗೆ ಬೀಳುವುದು. ಇದಕ್ಕಾಗಿಯೇ ಏರಿನಲ್ಲಿ ಹೊಡೆಯುವವನು ಮುಂದಕ್ಕೆ ಸರಿದು ಕೂಡುವನು, ಇಳುಕಲಿನಲ್ಲಿ ಹಿಂದಕ್ಕೆ ಸರಿಯುವನು. ಊರ ಜಾತ್ರೆಯಲ್ಲಿ ಸಂಗ್ರಾಣಿ ಕಲ್ಲನ್ನು ಎತ್ತುವ ಪೈಲವಾನನು ಕಲ್ಲನ್ನು ಎದೆಗೆ ಅವಚಿಕೊಂಡು ಬೆನ್ನನ್ನು ಹಿಂದಕ್ಕೆ ಬಾಗಿಸುವುದೂ ಇದೇ ಲೆಕ್ಕದಿಂದಲೇ. ಇಂಥವರ ಮನೆಯ ಹುಡುಗನು ಶಾಲೆಗೆ ಹೋಗಿ ಗುರುತ್ವಕೇಂದ್ರದ ಲಕ್ಷಣವನ್ನು ಬಾಯಿಪಾಠ ಮಾಡಿ ಬರೆಯುತ್ತಾನೆ. ಅಜ್ಜನು ಹೇಳುವ ಹಿಂಭಾರವೂ ಪುಸ್ತಕದ ಗುರುತ್ವಕೇಂದ್ರವೂ ಒಂದೇ ಸಂಗತಿಯೆಂಬುದು ಅವನಿಗೆ ಕೊನೆಯ ವರೆಗೂ ಹೊಳೆಯುವುದಿಲ್ಲ. ಮನೆಯ ಅರಿವಿಗೂ ಶಾಲೆಯ ಅರಿವಿಗೂ ನಡುವೆ ಗೋಡೆಯನ್ನು ಕಟ್ಟಿದ್ದು ಒಂದು ಸಮಾಸ.

ಈ ಸಮಾಸವನ್ನು ಮೊದಲು ಕಟ್ಟಿದವರನ್ನು ಹಳಿಯುವುದು ನ್ಯಾಯವಲ್ಲ. ಅವರು ಕಟ್ಟಿದಾಗ ಅದು ಸರಿಯಾಗಿಯೇ ಇದ್ದಿತು. ವೈಶೇಷಿಕರು ಎಣಿಸುವ 24 ಗುಣಗಳಲ್ಲಿ ಗುರುತ್ವವೂ ಒಂದು. ಅದು ಪೃಥಿವಿ, ಜಲಗಳಲ್ಲಿರುವ ಗುಣ, ವಸ್ತುವು ಕೆಳಗೆ ಬೀಳುವುದಕ್ಕೆ ಮೊದಲ ಕಾರಣ. ಅಂದರೆ ವಸ್ತುವಿನದೇ ಆದ ಭಾರತನ. ಭೂಮಿಯ ಸೆಳೆತವೆಂಬ ಅರ್ಥವು ಅದಕ್ಕೆ ಇರಲಿಲ್ಲ. 1150ರಲ್ಲಿ ‘ಸಿದ್ಧಾಂತಶಿರೋಮಣಿ’ಯನ್ನು ರಚಿಸಿದ ಭಾಸ್ಕರಾಚಾರ್ಯನು ಭೂಮಿಯು ಸೆಳೆಯುವ ಮಾತನ್ನು ಹೇಳುವಾಗ ಭೂಮಿಗೆ ‘ಆಕೃಷ್ಟಿಶಕ್ತಿ’ಯನ್ನೂ, ಸೆಳೆಯಲ್ಪಡುವ ವಸ್ತುವಿಗೆ ‘ಗುರು’ ಎಂಬ ವಿಶೇಷಣವನ್ನೂ ಬೇರೆ ಬೇರೆಯಾಗಿ ಕೊಟ್ಟಿರುವನು. (ಆತನನ್ನು ವಿಜಯಪುರದವನೆಂದು ಹೇಳಿಕೊಳ್ಳುವ ಅಭಿಮಾನಿಗಳು ಈ ಜಿಲ್ಲೆಯಲ್ಲಿ ಉಂಟು. ತನ್ನ ಊರು ಸಹ್ಯಾದ್ರಿಯ ಆಶ್ರಯದಲ್ಲಿರುವುದೆಂದು ಆತನೇ ಹೇಳಿಕೊಂಡಿರುವುದರಿಂದ, ಬಯಲುಸೀಮೆಯ ಈ ಅಭಿಮಾನಕ್ಕೆ ಆಧಾರವು ತೆಳುವಾಗಿದೆ. ಆದರೆ ಶಬ್ದಗಳ ವಿಷಯದಲ್ಲಿ ಆತನು ಕಾದ ಎಚ್ಚರವನ್ನು ಯಾವ ಊರಿನವರೂ ಅನುಕರಿಸಬಹುದು.) ಪಶ್ಚಿಮದಲ್ಲಿಯೂ ನಡೆದದ್ದು ಹೀಗೆಯೇ. ಲ್ಯಾಟಿನಿನ ‘ಗ್ರಾವಿಸ್’, ಗ್ರೀಕಿನ ‘ಬಾರುಸ್’, ಸಂಸ್ಕೃತದ ‘ಗುರು’ ಈ ಮೂರೂ ಒಂದೇ ಮೂಲದಿಂದ ಹುಟ್ಟಿದ ಸೋದರ ಶಬ್ದಗಳು. ಮೂರಕ್ಕೂ ಭಾರವಾದದ್ದೆಂದೇ ಅರ್ಥ. ಗ್ರೀಕ್ ಶಬ್ದಕ್ಕೂ ಕನ್ನಡದಲ್ಲಿ ಬಳಕೆಯಾಗುವ ‘ಭಾರ’ಕ್ಕೂ ಇರುವ ಸಾಮ್ಯವು ಮಾತ್ರ ಕಿವಿಯದು; ‘ಭಾರ’ವು ಹೊರುವುದೆಂಬ ಅರ್ಥದ ಬೇರೆ ಧಾತುವಿನಿಂದ ಬಂದದ್ದು. ಇನ್ನು ‘ಕೇಂದ್ರ’ವಂತೂ ಗ್ರೀಕರ ‘ಕೆಂತ್ರಾನ್’ ಶಬ್ದವೇ ಜ್ಯೋತಿಷ್ಯದ ಮೂಲಕ ಸಂಸ್ಕೃತಕ್ಕೆ ಬಂದು ನೆಲೆಸಿದ್ದು. ಸಂಸ್ಕೃತವೆಂದ ಮಾತ್ರಕ್ಕೆ ಶುದ್ಧವೆನ್ನುವವರು ಇದನ್ನು ಲಕ್ಷ್ಯದಲ್ಲಿಡಬೇಕು.

ಭಾರದ ನೆಲೆಯ ಕಲ್ಪನೆಯನ್ನು ಗ್ರಂಥರೂಪದಲ್ಲಿ ವಿಸ್ತರಿಸಿದ ಆರ್ಕಿಮಿಡೀಸನು ಕ್ರಿಸ್ತಪೂರ್ವ ಮೂರನೆಯ ಶತಮಾನದವನು. ವಿಶ್ವವ್ಯಾಪಿಯಾದ ಆಕರ್ಷಣೆಯ ನಿಯಮವನ್ನು ನ್ಯೂಟನ್ನನು ಪ್ರಕಟಿಸಿದ್ದು 1687ರಲ್ಲಿ. ಸುಮಾರು ಸಾವಿರದ ಒಂಬೈನೂರು ವರ್ಷ ಆಕರ್ಷಣೆಯ ಹಂಗಿಲ್ಲದೆ ಬಾಳಿದ ಕಲ್ಪನೆಗೆ ಆಕರ್ಷಣೆಯ ಹೆಸರು ಹೇಗೆ ಬಂದಿತು? ನ್ಯೂಟನ್ನನ ಬಳಿಕ ‘ಗುರುತ್ವಾಕರ್ಷಣೆ’ಯೆಂಬ ಉದ್ದ ಶಬ್ದವು ಬಳಕೆಯಲ್ಲಿ ಸವೆದು ‘ಗುರುತ್ವ’ವೆಂದು ಚಿಕ್ಕದಾಯಿತು. ಭಾರತನವೆಂಬ ಹಳೆಯ ಅರ್ಥವು ಹಿಂದೆ ಸರಿದು, ಸೆಳೆತವೆಂಬ ಹೊಸ ಅರ್ಥವು ಗಾದಿಯ ಮೇಲೆ ಕೂತಿತು. ಸಮಾಸವು ಮಾತ್ರ ಮೊದಲಿನಂತೆಯೇ ಉಳಿಯಿತು. ಮನೆ ಅದೇ, ಒಳಗಿರುವ ಒಕ್ಕಲು ಬದಲಾಯಿತು.

ಇದರಿಂದ ಎಂಥ ಅನರ್ಥವಾಗುವುದೆಂಬುದನ್ನು ನೋಡುವುದಕ್ಕೆ ಭೂಮಿ ಚಂದ್ರರ ಉದಾಹರಣೆಯೊಂದೇ ಸಾಕು. ಚಂದ್ರನು ಭೂಮಿಯನ್ನು ಸುತ್ತುವನೆಂಬುದು ಸ್ಥೂಲವಾದ ಮಾತು. ನಿಜವಾಗಿ ಇಬ್ಬರೂ ತಮ್ಮಿಬ್ಬರ ನಡುವಣ ಒಂದು ಬಿಂದುವನ್ನು ಸುತ್ತುವರು. ಭೂಮಿಯಲ್ಲಿರುವ ದ್ರವ್ಯವು ಚಂದ್ರನಲ್ಲಿರುವುದಕ್ಕಿಂತ ಸುಮಾರು 81 ಪಟ್ಟು ಹೆಚ್ಚು. ಇಬ್ಬರ ನಡುವಣ ಸರಾಸರಿ ದೂರವು 3,84,400 ಕಿಲೋಮೀಟರು. ಒಂದು ತುದಿಗೆ ಎಂಬತ್ತೊಂದು ಪಾಲು, ಇನ್ನೊಂದು ತುದಿಗೆ ಒಂದು ಪಾಲು ತೂಗಹಾಕಿದ ಉದ್ದ ಕೋಲನ್ನು ಎಲ್ಲಿ ಹಿಡಿದರೆ ಸರಿತೂಗುವುದೋ ಅಲ್ಲಿ ಆ ಬಿಂದುವಿರುವುದು. ಲೆಕ್ಕ ಹಾಕಿದರೆ ಅದು ಭೂಮಿಯ ನಡುವಿನಿಂದ ಸುಮಾರು 4,670 ಕಿಲೋಮೀಟರು ದೂರದಲ್ಲಿ, ಅಂದರೆ ಭೂಮಿಯ ಒಡಲೊಳಗೇ ಬರುವುದು. ಭೂಮಿಯ ತ್ರಿಜ್ಯವು 6,371 ಕಿಲೋಮೀಟರು. ಇದು ದ್ರವ್ಯವು ಸರಿತೂಗುವ ಬಿಂದು. ಇದನ್ನು ಬಿಟ್ಟು, ಭೂಮಿಯ ಸೆಳೆತವೂ ಚಂದ್ರನ ಸೆಳೆತವೂ ಒಂದಕ್ಕೊಂದು ಸರಿಯಾಗುವ ಇನ್ನೊಂದು ಬಿಂದುವುಂಟು. ಅದು ಭೂಮಿಯ ನಡುವಿನಿಂದ ಸುಮಾರು 3,46,000 ಕಿಲೋಮೀಟರು ದೂರದಲ್ಲಿ, ಚಂದ್ರನ ನೆರೆಯಲ್ಲಿ ಇರುವುದು. ಈಗ ವಾಚಕರೇ ಹೇಳಲಿ: ಈ ಎರಡರಲ್ಲಿ ‘ಗುರುತ್ವಕೇಂದ್ರ’ವೆಂಬ ಹೆಸರು ಯಾವುದಕ್ಕೆ ಒಪ್ಪುವುದು? ಶಬ್ದವನ್ನು ನಂಬಿದವನು ಎರಡನೆಯದನ್ನು ತೋರಿಸುವನು. ಶಾಸ್ತ್ರವು ಗ್ರಹಗತಿಯ ಲೆಕ್ಕದಲ್ಲಿ ಬಯಸುವುದು ಮೊದಲನೆಯದನ್ನು. ಎರಡಕ್ಕೂ ನಡುವೆ ಮೂರು ಲಕ್ಷ ನಲವತ್ತು ಸಾವಿರ ಕಿಲೋಮೀಟರುಗಳ ಅಂತರವಿದೆ; ಶಬ್ದದ ತಪ್ಪು ಇಷ್ಟು ಉದ್ದವಾಗಬಲ್ಲದು.

ಸೂರ್ಯ ಮತ್ತು ಗುರುಗ್ರಹ ಇವರಿಬ್ಬರನ್ನೇ ತೆಗೆದುಕೊಂಡರೆ ಅಂಥ ಬಿಂದುವು ಸೂರ್ಯನ ಮೈಯಿಂದ ಆಚೆಗೆ ಬೀಳುವುದು. ಪ್ಲೂಟೋ ಮತ್ತು ಅದರ ಸಂಗಾತಿಯಾದ ಷಾರಾನ್ ಇವುಗಳದು ಎರಡರ ಮೈಗೂ ಹೊರಗೆ, ಬರಿಯ ಬಯಲಿನಲ್ಲಿದೆ. ಅಲ್ಲಿ ಸೆಳೆಯುವಂಥದು ಏನೂ ಇಲ್ಲ.

ಇಷ್ಟು ಹೇಳಿದೊಡನೆ ಅಧ್ಯಾಪಕವರ್ಗದಿಂದ ಬರುವ ತಕರಾರು ಎಲ್ಲರಿಗೂ ಗೊತ್ತಿದ್ದದ್ದೇ. ಭೂಮಿಯ ಮೇಲಿನ ವಸ್ತುಗಳಲ್ಲಿ ದ್ರವ್ಯದ ಕೇಂದ್ರವೂ ಗುರುತ್ವದ ಕೇಂದ್ರವೂ ಒಂದೇ ಕಡೆಗೆ ಬೀಳುವುವು. ಶಾಲೆಯ ಮಕ್ಕಳಿಗೆ ಈ ಭೇದದ ಉಸಾಬರಿ ಏತಕ್ಕೆ? ತಕರಾರಿನ ಮೊದಲರ್ಧವು ಸರಿಯಾದದ್ದು. 50 ಮೀಟರು ಎತ್ತರದ ಒಂದೇ ದಪ್ಪದ ಕಂಬವನ್ನು ನಿಲ್ಲಿಸಿದರೆ, ತುದಿಯಲ್ಲಿ ಸೆಳೆತವು ತುಸು ಕಡಿಮೆಯಾಗಿರುವುದರಿಂದ ಗುರುತ್ವದ ಕೇಂದ್ರವು ದ್ರವ್ಯದ ಕೇಂದ್ರಕ್ಕಿಂತ ಕೆಳಗೆ ಬರಬೇಕು. ಎಷ್ಟು ಕೆಳಗೆಂದರೆ ಒಂದು ಮಿಲಿಮೀಟರಿನ ಹದಿನೈದನೆಯ ಒಂದು ಪಾಲಿನಷ್ಟು, ಕೂದಲೆಳೆಯ ದಪ್ಪ. ಯಾವ ಗವಂಡಿಯೂ ಇದಕ್ಕಾಗಿ ನಿದ್ದೆಗೆಡಬೇಕಾಗಿಲ್ಲ. ಆದರೆ ಎರಡು ವಸ್ತುಗಳು ಒಂದೇ ಕಡೆಗೆ ಇದ್ದ ಮಾತ್ರಕ್ಕೆ ಒಂದೇ ವಸ್ತುವಾಗುವುದಿಲ್ಲ. ಇಂದಿನ ಮಕ್ಕಳು ವ್ಯೋಮಯಾತ್ರಿಗಳ ಚಿತ್ರಗಳನ್ನು ದಿನವೂ ನೋಡುವರು. ಅಲ್ಲಿ ತೂಕವು ತೋರುವುದಿಲ್ಲ; ಆದರೂ ತಿರುಗಿಸಿ ಬಿಟ್ಟ ಪಾನವು ತನ್ನ ದ್ರವ್ಯದ ಕೇಂದ್ರವನ್ನೇ ಸುತ್ತಿ ತಿರುಗುತ್ತದೆ. ತೂಕವೆಲ್ಲವೂ ಕೂಡಿದಂತೆ ತೋರುವ ಬಿಂದುವೆಂಬ ಬಾಯಿಪಾಠದ ಲಕ್ಷಣವನ್ನು ಇಟ್ಟುಕೊಂಡು ಈ ಚಿತ್ರವನ್ನು ಮಗುವು ಅರ್ಥಮಾಡಿಕೊಳ್ಳುವ ಬಗೆ ಹೇಗೆ?

ಎರಡನೆಯ ಭ್ರಾಂತಿಯು ಕೇಂದ್ರವೆಂದರೆ ವಸ್ತುವಿನ ಮೈಯಲ್ಲಿ, ಅದರ ನಟ್ಟನಡುವೆ ಇರಬೇಕೆಂಬುದು. ಇದನ್ನು ಬಿಡಿಸುವುದಕ್ಕೆ ವಿಜಯಪುರದ ಜಿಲ್ಲೆಯಲ್ಲಿರುವಂಥ ಸಾಧನವು ಬೇರೆಡೆಯಲ್ಲಿ ಸಿಕ್ಕುವುದು ದುರ್ಲಭ. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲಶಾಹನ ಗೋರಿಯ ಮೇಲೆ ನಿಂತ ಗೋಲಗುಮ್ಮಟದ ಹೊರವ್ಯಾಸವು ಸುಮಾರು 44 ಮೀಟರು. ಗುಮ್ಮಟದ ಗೋಡೆಯ ದಪ್ಪವು ಸುಮಾರು 3 ಮೀಟರು. ಇಂಥ ಟೊಳ್ಳು ಅರ್ಧಗೋಲದ ದ್ರವ್ಯದ ಕೇಂದ್ರವು ಅದರ ಬುಡಕ್ಕಿಂತ ಸರಿಸುಮಾರು ಹತ್ತು ಮೀಟರು ಮೇಲೆ, ಯಾವ ಕಲ್ಲೂ ಗಾರೆಯೂ ಇಲ್ಲದ ಬಯಲಿನಲ್ಲಿ, ಪಾರಿವಾಳಗಳು ಹಾರಾಡುವ ಜಾಗದಲ್ಲಿ ಇರುವುದು. ಇದಕ್ಕಿಂತ ಸೊಗಸಾದ ಪಾಠವು ಗುಮ್ಮಟದ ಬುಡದಲ್ಲಿದೆ. ಇಷ್ಟು ದೊಡ್ಡ ಗುಮ್ಮಟವು ತನ್ನ ಭಾರದಿಂದ ಗೋಡೆಗಳನ್ನು ಹೊರಕ್ಕೆ ತಳ್ಳಿ ಬೀಳಿಸಬೇಕಾಗಿತ್ತು. ಕಟ್ಟಿದವರು ನಾಲ್ಕು ಗೋಡೆಗಳಿಂದ ಒಂದನ್ನೊಂದು ದಾಟಿ ಹಾಯುವ ಎಂಟು ಕಮಾನುಗಳನ್ನು ಎಬ್ಬಿಸಿ, ಅವುಗಳ ಸಂದಿನ ಗಾರೆಗೆಲಸವನ್ನೆಲ್ಲ ಒಳಮುಖವಾಗಿ ಚಾಚಿಸಿದರು. ಒಳಕ್ಕೆ ಚಾಚಿದ ಈ ರಾಶಿಯ ಭಾರವು ಒಳಕ್ಕೇ ಬಾಗಲು ಹವಣಿಸುವುದರಿಂದ, ಹೊರಕ್ಕೆ ತಳ್ಳುವ ಗುಮ್ಮಟದ ಒತ್ತಡಕ್ಕೆ ಅದು ಎದುರುತೂಕವಾಯಿತು. ಈ ಯುಕ್ತಿಯನ್ನು ಜೇಮ್ಸ್ ಫರ್ಗ್ಯೂಸನ್ನನು 1876ರ ತನ್ನ ವಾಸ್ತುಶಿಲ್ಪದ ಇತಿಹಾಸದಲ್ಲಿ ಬಿಡಿಸಿ ಹೇಳಿ ಮೆಚ್ಚಿಕೊಂಡಿರುವನು. ಶಾಲೆಯ ಪ್ರವಾಸಗಳಲ್ಲಿ ಬರುವ ಮಕ್ಕಳು ಮೇಲೇರಿ ಕೂಗಿ ಪ್ರತಿಧ್ವನಿಯನ್ನು ಎಣಿಸಿ ಇಳಿದುಹೋಗುವರು. ಭಾರವನ್ನು ಭಾರದಿಂದಲೇ ಹಿಡಿದು ನಿಲ್ಲಿಸಿದ ಸಂಗತಿಯನ್ನು ಅವರಿಗೆ ತೋರಿಸುವವರು ಅಪರೂಪ.

‘ತೂಕ’ದ ವಿಷಯದಲ್ಲಿಯೂ ಜನರ ಮಾತಿಗೆ ಅನ್ಯಾಯವಾಗಿರುವುದರಿಂದ ಇಲ್ಲಿಯೇ ಒಂದು ಮಾತು. ತೂಕವು ಬಲ, ಅದನ್ನು ನ್ಯೂಟನ್ನುಗಳಲ್ಲಿ ಅಳೆಯಬೇಕು. ಅಂಗಡಿಕಾರನು ಕಿಲೋಗ್ರಾಮುಗಳಲ್ಲಿ ತೂಕವನ್ನು ಹೇಳುವುದು ತಪ್ಪೆಂದು ಪಾಠ ಹೇಳುವವರುಂಟು. ಅಂಗಡಿಕಾರನು ತಪ್ಪಿಲ್ಲ. ಎರಡು ಪರಡಿಯ ತಕ್ಕಡಿಯು ಸೆಳೆತವನ್ನು ಅಳೆಯುವುದಿಲ್ಲ. ಒಂದು ಪರಡಿಯ ದ್ರವ್ಯವನ್ನು ಇನ್ನೊಂದು ಪರಡಿಯ ಕಲ್ಲಿನ ದ್ರವ್ಯದೊಡನೆ ಸರಿಹಚ್ಚುವುದು. ಇಂಡಿಯ ನಿಂಬೆಹಣ್ಣಿನ ಚೀಲವನ್ನು ಚಂದ್ರನ ಮೇಲೆ ಒಯ್ದು ತೂಗಿದರೆ ಸ್ಪ್ರಿಂಗಿನ ತಕ್ಕಡಿಯ ಮುಳ್ಳು ಆರನೆಯ ಒಂದು ಪಾಲಿಗೆ ಇಳಿಯುವುದು. ಪರಡಿಯ ತಕ್ಕಡಿಯು ಇಲ್ಲಿ ತೋರಿಸಿದ್ದನ್ನೇ ಅಲ್ಲಿಯೂ ತೋರಿಸುವುದು. ಅಂದ ಮೇಲೆ ಸಂತೆಯ ‘ತೂಕ’ವು ಮೊದಲಿನಿಂದಲೂ ಶಾಸ್ತ್ರದ ದ್ರವ್ಯರಾಶಿಯೇ. ಜನರ ಶಬ್ದವನ್ನು ಕಸಿದುಕೊಂಡು ಅದಕ್ಕೆ ಬೇರೆ ಅರ್ಥವನ್ನು ತುಂಬಿ, ಬಳಿಕ ಜನರಿಗೆ ಶಬ್ದ ಬರುವುದಿಲ್ಲವೆಂದು ಹೇಳುವುದು ಯಾವ ರೀತಿಯ ಪಾಂಡಿತ್ಯ? ‘ದ್ರವ್ಯರಾಶಿ’ಯೆಂಬುದಾದರೂ ಹುಡುಗನಿಗೆ ಮೊದಲು ಹಣದ ಗುಡ್ಡೆಯನ್ನೂ ಕಣದ ಜೋಳದ ರಾಶಿಯನ್ನೂ ನೆನಪಿಗೆ ತರುವುದು. ಆದರೆ ಕಣದ ರಾಶಿಯು ದಾರಿ ತಪ್ಪಿಸುವ ಚಿತ್ರವಲ್ಲ. ಎಷ್ಟು ಕಾಳಿದೆಯೆಂಬುದೇ ಅಲ್ಲಿಯ ಪ್ರಶ್ನೆ. ಆದುದರಿಂದ ಆ ಶಬ್ದವು ಉಳಿಯಲಿ.

ನೆರೆಹೊರೆಯವರು ಏನು ಮಾಡಿರುವರು? ಮರಾಠಿಯವರು ‘ಗುರುತ್ವಮಧ್ಯ’ವೆನ್ನುವರು, ಅದರಲ್ಲಿ ನಟ್ಟನಡುವಿನ ಭ್ರಾಂತಿಯು ಇನ್ನೂ ಗಟ್ಟಿಯಾಗಿದೆ. ಹಿಂದಿಯವರು ‘ದ್ರವ್ಯಮಾನಕೇಂದ್ರ’, ‘ಗುರುತ್ವಕೇಂದ್ರ’ಗಳೆಂದು ಎರಡನ್ನು ಇಟ್ಟುಕೊಂಡಿರುವರು. ತೆಲುಗಿನವರ ‘ಗರಿಮನಾಭಿ’ಯು ಎಲ್ಲಕ್ಕಿಂತ ಚೆಲುವಾದದ್ದು. ನಾಭಿಯೆಂದರೆ ಗಾಲಿಯ ಗುಂಬವೂ ಹೌದು. ಸುತ್ತುವುದೂ ಸರಿತೂಗುವುದೂ ಒಟ್ಟಿಗೆ ಕಣ್ಣಿಗೆ ಕಟ್ಟುವುವು. ಕನ್ನಡದಲ್ಲಿ ‘ಕೇಂದ್ರ’ವಾದರೋ ಈಗ ತೊಗರಿಯ ಖರೀದಿ ಕೇಂದ್ರ, ಪರೀಕ್ಷಾ ಕೇಂದ್ರ, ದಿಲ್ಲಿಯ ಕೇಂದ್ರ ಎಂದು ಸವೆದು ಸವೆದು ಏನೂ ಹೇಳದ ಶಬ್ದವಾಗಿದೆ. ಆದರೂ ಅದನ್ನು ಹೊರಗೆ ಹಾಕುವುದು ಆಗದ ಕೆಲಸ. ಮಾಡಬೇಕಾದದ್ದು ಇಷ್ಟೇ: ಸೆಳೆತದ ಸಂಬಂಧವಿಲ್ಲದೆ ದ್ರವ್ಯದ ಹಂಚಿಕೆಯಿಂದಲೇ ಗೊತ್ತಾಗುವ ಬಿಂದುವಿಗೆ ‘ದ್ರವ್ಯಕೇಂದ್ರ’ವೆಂದೂ, ನೆಲದ ಮೇಲೆ ಹೇರು, ಕಟ್ಟಡ, ಬಂಡಿಗಳಲ್ಲಿ ಭಾರದ ನೆಲೆಯನ್ನು ಹೇಳಬೇಕಾದಲ್ಲಿ ‘ಭಾರಕೇಂದ್ರ’ವೆಂದೂ ಬರೆಯತಕ್ಕದ್ದು. ‘ಗುರುತ್ವಕೇಂದ್ರ’ವನ್ನು ಪಾಠದ ಪುಸ್ತಕದಿಂದ ಬಿಡತಕ್ಕದ್ದು. ‘ಭಾರಕೇಂದ್ರ’ವೆಂದೊಡನೆ ಮುಂಭಾರ, ಹಿಂಭಾರಗಳು ತಾವಾಗಿಯೇ ಅದರ ಬೆನ್ನ ಹಿಂದೆ ಬಂದು ನಿಲ್ಲುವುವು: ಭಾರಕೇಂದ್ರವು ಅಚ್ಚಿನ ಮುಂದಾದರೆ ಮುಂಭಾರ, ಹಿಂದಾದರೆ ಹಿಂಭಾರ. ವ್ಯಾಖ್ಯಾನದ ಅವಶ್ಯಕತೆಯೇ ಇಲ್ಲ.

ಹಳ್ಳಿಯ ಮಾತು ಶಾಸ್ತ್ರಕ್ಕೆ ಒಗ್ಗುವುದಿಲ್ಲವೆಂಬ ಆಕ್ಷೇಪವು ಈ ಜಿಲ್ಲೆಯಲ್ಲಿ ಹುಟ್ಟಬಾರದಾಗಿತ್ತು. ಬಾಗೇವಾಡಿಯ ಬಸವಣ್ಣನೂ ಆತನ ಸಂಗಡಿಗರೂ ಹನ್ನೆರಡನೆಯ ಶತಮಾನದಲ್ಲಿಯೇ ತತ್ತ್ವವಿಚಾರವನ್ನು ಅಂಬಿಗನ, ನೇಕಾರನ, ಒಕ್ಕಲಿಗನ ಮಾತಿನಲ್ಲಿ ನಡೆಯಿಸಿದರು. ಅವರ ವಚನಗಳನ್ನು ಓಲೆಗಟ್ಟುಗಳಿಂದ ಎತ್ತಿ ಅಚ್ಚಿಗೆ ತಂದ ಫ. ಗು. ಹಳಕಟ್ಟಿಯವರು ವಿಜಯಪುರದಲ್ಲಿಯೇ ಕುಳಿತು 1926ರಿಂದ ‘ಶಿವಾನುಭವ’ವನ್ನು ನಡೆಯಿಸಿದರು. ಅತ್ತ ಬೆಂಗಳೂರಿನಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು 1918ರಲ್ಲಿ ‘ವಿಜ್ಞಾನ’ವೆಂಬ ಕನ್ನಡ ಮಾಸಪತ್ರಿಕೆಯನ್ನು ಹೊರಡಿಸಿದರು. ಪತ್ರಿಕೆಯು ಬಹುಕಾಲ ಬಾಳಲಿಲ್ಲವಾದರೂ, ಭೌತಶಾಸ್ತ್ರವನ್ನು ಕನ್ನಡದಲ್ಲಿ ಹೇಳಲಾಗದೆಂಬ ಮಾತಿಗೆ ನೂರು ವರ್ಷದ ಹಿಂದೆಯೇ ಉತ್ತರವು ಸಿಕ್ಕಿತ್ತು. ಇಂಗ್ಲಿಷ್ ಶಬ್ದವನ್ನೇ ಇಟ್ಟುಕೊಂಡರೆ ಗೊಂದಲವು ತಪ್ಪುವುದೆನ್ನುವವರೂ ಇರುವರು. ಗೊಂದಲವು ತಪ್ಪುವುದಿಲ್ಲ, ತಿಳಿಯದ ಶಬ್ದದ ಹಿಂದೆ ಅದು ಅಡಗಿ ಕೂಡುವುದು ಅಷ್ಟೇ.

ಇದು ಪಂಡಿತರ ಮನೆಯ ಜಗುಲಿಯ ವಿವಾದವಾಗಿದ್ದರೆ ಇಷ್ಟು ಶಾಯಿಯನ್ನು ವೆಚ್ಚ ಮಾಡುವ ಕಾರಣವಿರಲಿಲ್ಲ. ಸುಗ್ಗಿಯಲ್ಲಿ ಎರಡೆರಡು ಟ್ರೇಲರುಗಳ ಮೇಲೆ ಕಬ್ಬನ್ನು ಆಳೆತ್ತರಕ್ಕೆ ಮೀರಿ ಒಟ್ಟಿದ ಟ್ರ್ಯಾಕ್ಟರುಗಳು ಹೊರ್ತಿಯ ಸುತ್ತಿನ ದಾರಿಗಳಲ್ಲಿ ಹೋಗುವುವು. ಹೇರು ಎತ್ತರವಾದಷ್ಟು ಭಾರಕೇಂದ್ರವು ಮೇಲಕ್ಕೇರುವುದು. ಮೇಲಕ್ಕೇರಿದಷ್ಟು, ಒಂದು ಮಗ್ಗುಲ ಗಾಲಿಯು ಸ್ವಲ್ಪ ಕುಸಿದರೂ ತೂಗುಗುಂಡಿನ ಗೆರೆಯು ಗಾಲಿಯನ್ನು ದಾಟಿ ಹೊರಗೆ ಬೀಳುವುದು. ಬಿದ್ದ ಕ್ಷಣದಲ್ಲಿ ಹೇರು ಮಗುಚುವುದು. ಬೇಸಿಗೆಯಲ್ಲಿ ನೀರು ತರುವ ಟ್ಯಾಂಕರು ಅರ್ಧ ತುಂಬಿದ್ದರೆ ಅಪಾಯವು ಕಡಿಮೆಯೆಂದು ತಿಳಿಯುವವರು ಬಹಳ. ತಿರುವಿನಲ್ಲಿ ಒಳಗಿನ ನೀರು ಹೊರಮಗ್ಗುಲಿಗೆ ನುಗ್ಗುವಾಗ ಭಾರಕೇಂದ್ರವೂ ಅದರೊಡನೆ ಓಡುವುದು. ತುಂಬಿದ ಟ್ಯಾಂಕರಿನಲ್ಲಿ ನೀರಿಗೆ ಓಡುವ ಎಡೆಯೇ ಇರುವುದಿಲ್ಲ. ಈ ಟ್ರ್ಯಾಕ್ಟರು ಟ್ಯಾಂಕರುಗಳನ್ನು ನಡೆಸುವ ತರುಣರಲ್ಲಿ ಬಹುಜನರು ಶಾಲೆಯಲ್ಲಿ ಈ ಪಾಠವನ್ನು ಓದಿದವರೇ.

ಶಬ್ದವನ್ನು ಬದಲಿಸುವುದರಿಂದ ಪಾಠದ ಪುಸ್ತಕದಲ್ಲಿ ನಾಲ್ಕಾರು ಸಾಲು ತಿದ್ದಬೇಕಾದೀತು. ಪರೀಕ್ಷೆಯ ಪ್ರಶ್ನೆಯನ್ನೂ ಅದರೊಡನೆ ತಿದ್ದಬಹುದು. ಲಕ್ಷಣವನ್ನು ಬರೆಯಿರೆಂದು ಕೇಳುವ ಬದಲು, ಎರಡು ಗಾಲಿಯ ಚಕ್ಕಡಿಯು ಏರನ್ನು ಹತ್ತುವಾಗ ಹೊಡೆಯುವವನು ಎಲ್ಲಿ ಕೂಡಬೇಕು, ಏಕೆ, ಎಂದು ಕೇಳಲಿ. ಉತ್ತರವನ್ನು ಹುಡುಗನು ಅಜ್ಜನನ್ನು ಕೇಳಿಕೊಂಡು ಬಂದು ಬರೆದರೂ ಪೂರ್ಣ ಗುಣಗಳನ್ನು ಕೊಡಲಿ.